ಬೋಣಿಯ ಪಾಠ

ಹತ್ತು ವರ್ಷದ ಒಂದು ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಆಗ ನನಗೆ ಮದುವೆಯಾಗಿ ಕೆಲವು ವರ್ಷ ಕಳೆದಿತ್ತು. ನಾನು ಮೇಷ್ಟ್ರ ಹೆಂಡತಿ, ಊರಿನವರ ಬಾಯಲ್ಲಿ ‘ಅಮ್ಮಾರು’. ಅವಳು ಕುರಿ ಸಾಕುವವರ ಮನೆಯ ಹುಡುಗಿ, ನಾಲ್ಕನೇ ಕ್ಲಾಸು. ಅವಳಿಗೆ ಇದ್ದು ನನಗೆ ಇಲ್ಲದಿದ್ದದ್ದು ಒಂದೇ. ಅವಳು ಮಾರಬಹುದಿತ್ತು. ನಾನು ಮಾರುವ ಹಾಗಿರಲಿಲ್ಲ.

ಅದು ಎಪ್ಪತ್ತರ ದಶಕ. ನಮ್ಮ ಮನೆಯವರಿಗೆ ಹಿರಿಯೂರು ಕಡೆಯ ಶಾಲೆಯಿಂದ ಹೊಸದುರ್ಗ ತಾಲ್ಲೂಕಿಗೆ ವರ್ಗವಾಗಿತ್ತು. ಮತ್ತೋಡಿನ ಹತ್ತಿರದ ಒಂದು ಊರು. ಶಾಲೆ ಎಂದರೆ ಎರಡು ಕೋಣೆ, ಮೇಲೆ ಹೆಂಚು, ಮುಂದೆ ಒಂದು ಹುಣಸೆ ಮರ. ಶಾಲೆಯ ಗೋಡೆಗೆ ಹೊಂದಿಕೊಂಡೇ ನಮ್ಮ ಮನೆ. ಅಡುಗೆಮನೆಯ ಕಿಟಕಿಯಿಂದ ಮರ ಕಾಣುತ್ತಿತ್ತು, ಮರದ ಕೆಳಗೆ ಆಡಿದ ಮಾತು ಕೇಳಿಸುತ್ತಿತ್ತು. ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದು ಆ ಕಿಟಕಿಯಿಂದ ಕಂಡದ್ದು, ಕೇಳಿದ್ದು.

ಆ ವರ್ಷಗಳಲ್ಲಿ ಶಾಲೆಗಳಿಗೆ ‘ಕಾರ್ಯಾನುಭವ’ ಅಂತ ಒಂದು ವಿಷಯ ಬಂತು. ಮಕ್ಕಳು ಕೈಯಿಂದ ಏನಾದರೂ ಮಾಡಬೇಕು. ಬಹಳ ಕಡೆ ಮಕ್ಕಳ ಕೈಗೆ ತಕಲಿ ಕೊಟ್ಟು ಒಂದಿಷ್ಟು ನೂಲು ತೆಗೆಸಿ ಮುಗಿಸುತ್ತಿದ್ದರು. ನಮ್ಮವರು ಹಾಗೆ ಮುಗಿಸುವವರಲ್ಲ.

“ಮಾಡೋದು ಅರ್ಧ ಕೆಲಸ, ಮಾರೋದು ಇನ್ನರ್ಧ” ಎಂದರು ಒಂದು ದಿನ, ಕೈ ತೊಳೆಯುತ್ತ. “ಆ ಇನ್ನರ್ಧ ಯಾವ ಶಾಲೇಲೂ ಕಲಿಸಲ್ಲ. ಈ ಮಕ್ಕಳು ಹತ್ತಿ ಬೆಳೀತಾರೆ, ಉಣ್ಣೆ ಕತ್ತರಿಸ್ತಾರೆ, ಕೊನೆಗೆ ಯಾರೋ ಬಂದು ಹೇಳಿದ ರೇಟಿಗೆ ತಲೆ ಆಡಿಸ್ತಾರೆ. ಬಾಯಿ ಬಿಡೋದು ಚಿಕ್ಕೋರಿದ್ದಾಗಲೇ ಕಲೀಬೇಕು.”

ಹಾಗೆ ಅಂಗಡಿ ಪಾಠ ಶುರುವಾಯಿತು. ಶನಿವಾರ ಬೆಳಗಿನ ಶಾಲೆ. ಕೊನೆಯ ಪೀರಿಯಡ್ಡಿಗೆ ಮಕ್ಕಳು ಹುಣಸೆ ಮರದ ಕೆಳಗೆ ಗೋಣಿಚೀಲ ಹಾಸಿ ಕೂರುವುದು, ತಾವು ಮಾಡಿದ್ದನ್ನು ಮುಂದೆ ಹರಡುವುದು. ಹೊಲಕ್ಕೆ ಹೋಗುವವರು, ನೀರಿಗೆ ಬರುವವರು ನಿಂತು ಕೊಳ್ಳುವುದು. ಬಂದ ಕಾಸು ಶಾಲೆಯ ಡಬ್ಬಿಗೆ. ಮೊದಮೊದಲು ತಂದದ್ದು ಮುತ್ತುಗದ ಎಲೆಯ ಊಟದೆಲೆ, ತೆಂಗಿನ ಗರಿಯ ಪೊರಕೆ, ಹಗ್ಗ. ಮನೆಮನೆಯಲ್ಲೂ ಇರುವ ಸಾಮಾನು, ಯಾರು ಕೊಳ್ಳುತ್ತಾರೆ? ಎರಡು ಶನಿವಾರ ಮಕ್ಕಳು ಸುಮ್ಮನೆ ಕೂತು ಎದ್ದು ಹೋದರು.

ಆಗ ಅವರು ನನ್ನನ್ನು ಕೇಳಿದರು. “ತಿನ್ನೋದು ಏನಾದ್ರೂ ಮಾಡಿಕೊಡು ನೋಡಾಣ.”

ನಾನು ಕುಟ್ಟುಂಡೆ ಮಾಡಿದೆ. ಅದೇ ಮರದ ಹುಣಸೆಹಣ್ಣು, ಕಪ್ಪು ಬೆಲ್ಲ, ಹುರಿದ ಜೀರಿಗೆ, ಒಣಮೆಣಸಿನಕಾಯಿ, ಉಪ್ಪು, ಒಂದು ಚಿಟಿಕೆ ಇಂಗು. ಒರಳಿಗೆ ಹಾಕಿ ಕುಟ್ಟಬೇಕು. ಹೊಸ ಬೆಲ್ಲವಾದರೆ ನೀರು ಬಿಡುತ್ತದೆ, ಉಂಡೆ ನಿಲ್ಲುವುದಿಲ್ಲ. ಹಳೆಯ ಬೆಲ್ಲವಾದರೆ ಒನಕೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಹಾಗೆ ಅಂಟತೊಡಗಿದಾಗ ನಿಲ್ಲಿಸಬೇಕು. ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಕಟ್ಟಿ ಪೊರಕೆ ಕಡ್ಡಿಗೆ ಸಿಕ್ಕಿಸಿ ತಟ್ಟೆಯಲ್ಲಿಟ್ಟು ಕೊಟ್ಟೆ. ಮಾರಲು ಅವರು ಆ ಹುಡುಗಿಯನ್ನು ಕೂರಿಸಿದರು.

ಅವಳು ಕೂರಲಿಲ್ಲ. ತಟ್ಟೆಯನ್ನು ಸೊಂಟಕ್ಕಿಟ್ಟುಕೊಂಡು ದಾರಿಗೇ ನಡೆದಳು.

“ಬರ್ರಿ, ಹುಳಿ ಬೇಕಾದೋರಿಗೆ ಹುಳಿ ಐತೆ, ಸಿಹಿ ಬೇಕಾದೋರಿಗೆ ಸಿಹಿ ಐತೆ, ಎರಡೂ ಬ್ಯಾಡ ಅಂದ್ರೆ ಖಾರ ಐತೆ.”

ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನಿಗೆ, “ಅಣ್ಣಾ, ಎಮ್ಮೆ ಎಲ್ಲೂ ಓಡಲ್ಲ, ನಿಂತ್ಕ” ಎಂದಳು. ಅವನು ನಿಂತ. ಕಟ್ಟೆಯ ಮೇಲೆ ಯಾವಾಗಲೂ ಕೂತಿರುತ್ತಿದ್ದ ಮುದುಕರೊಬ್ಬರು ಕೆಣಕಿದರು.

“ಲೇ, ನಿಮ್ಮಜ್ಜಿ ಉಣ್ಣೆ ಮಾರ್ತಾಳೆ, ನೀನು ಉಂಡೆ ಮಾರ್ತೀಯಾ?”

“ಹೌದಜ್ಜ. ನೀನು ಕುಂತು ಮಾತು ಮಾರ್ತೀಯ. ಯಾರಿಗೆ ಗಿರಾಕಿ ಜಾಸ್ತಿ ನೋಡಾಣ.”

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ. ಆ ನಗೆಯನ್ನು ನಾನು ನಮ್ಮ ಮನೆಯೊಳಗೆ ಕೇಳಿರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಿದ್ದೆ. ತಟ್ಟೆ ಬರಿದಾಗಿ ವಾಪಸ್ ಬಂತು, ಅದರಲ್ಲಿ ಹುಣಸೆಯ ಕಲೆ ಮಾತ್ರ ಉಳಿದಿತ್ತು. ತೊಳೆಯಲು ಅದನ್ನು ನನ್ನ ಕೈಗೆ ಕೊಟ್ಟರು.

ಊಟಕ್ಕೆ ಕೂತಾಗ, “ಆ ಹುಡುಗಿ ಇವತ್ತು ಏನಂದ್ಲು ಗೊತ್ತಾ?” ಎಂದು ಶುರುಮಾಡಿದರು. ಗೊತ್ತಿತ್ತು, ನಾನೇ ಕೇಳಿಸಿಕೊಂಡಿದ್ದೆ. ಆದರೂ ಅವರು ಪೂರ್ತಿ ಹೇಳಿದರು. ನಗಬೇಕಾದ ಜಾಗದಲ್ಲಿ ನಾನು ನಕ್ಕೆ. ಉಂಡೆ ಹೇಗಿತ್ತು ಅಂತ ಯಾರಾದರೂ ಹೇಳಿದರಾ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಚೆನ್ನಾಗಿತ್ತಂತೆ” ಎಂದರು.

ನನ್ನ ತವರು ಹೊಳಲ್ಕೆರೆ. ಬಸ್ ರಸ್ತೆಗೆ ಮುಖ ಮಾಡಿದ ದಿನಸಿ ಅಂಗಡಿ ಅಪ್ಪನದು. ಬೆಳಿಗ್ಗೆ ಬಾಗಿಲು ತೆಗೆದು, ಮುಂದೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ ಮೇಲೆ ಆಗುವ ಮೊದಲ ವ್ಯಾಪಾರವೇ ಬೋಣಿ. ಬೋಣಿ ಒಳ್ಳೆಯ ಕೈಯಿಂದ ಆದರೆ ದಿನವೆಲ್ಲ ವ್ಯಾಪಾರ ಚೆನ್ನಾಗಿರುತ್ತದೆ ಎಂದು ಅಪ್ಪನ ನಂಬಿಕೆ. ನನ್ನ ಕೈ ಒಳ್ಳೆಯದು ಎಂದೂ ಅವರ ನಂಬಿಕೆ. ನಾನು ಚಿಕ್ಕವಳಿದ್ದಾಗ ಗಲ್ಲಾದಿಂದ ಒಂದು ಕಾಸು ತೆಗೆದು ನನ್ನ ಕೈಯಲ್ಲಿಟ್ಟು ಹಿಂದಿನ ಬಾಗಿಲಿಂದ ಹೊರಗೆ ಕಳಿಸುತ್ತಿದ್ದರು. ನಾನು ಓಣಿ ಸುತ್ತಿ ರಸ್ತೆಗೆ ಬಂದು, ಅಂಗಡಿಯ ಮುಂದೆ ನಿಂತು, ಯಾರೋ ಎಂಬಂತೆ “ಬೆಲ್ಲ ಕೊಡ್ರಿ” ಎನ್ನುತ್ತಿದ್ದೆ. ಅಪ್ಪ ಆ ಕಾಸನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ನನಗೆ ಬೆಲ್ಲದ ಚೂರು ಕೊಡುತ್ತಿದ್ದರು. ನಾನು ಮೈನೆರೆದ ಮೇಲೆ ಅದು ನಿಂತಿತು. ಗಲ್ಲಾದ ಮೇಲೆ ತಮ್ಮನನ್ನು ಕೂರಿಸಿದರು. ನಾನು ಪರದೆಯ ಹಿಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ, ಮುಂದೆ ನಡೆಯುವ ಚೌಕಾಸಿ ಕೇಳಿಸಿಕೊಳ್ಳುತ್ತಿದ್ದೆ.

ಇದನ್ನೆಲ್ಲ ನಾನು ನಮ್ಮವರಿಗೆ ಬಡಿಸುತ್ತ ಬಡಿಸುತ್ತ ಹೇಳಿದ್ದೆ. ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು, ಬೋಣಿ ಹೊತ್ತಿನಲ್ಲಿ ಪುಕ್ಕಟೆ ಕೊಡಬಾರದು, ಕಡ ಕೊಡಬಾರದು, ಚೌಕಾಸಿ ಬೆಳೆಸಬಾರದು. ಮುಂದಿನ ಶನಿವಾರ ಕಿಟಕಿಯಿಂದ ನೋಡಿದರೆ, ಮರದ ಕೆಳಗೆ ಅವರು ಮಕ್ಕಳಿಗೆ ಅದನ್ನೇ ಹೇಳುತ್ತಿದ್ದರು. ಒಂದು ಕಾಸನ್ನು ಎರಡೂ ಕಣ್ಣಿಗೆ ಒತ್ತಿ ತೋರಿಸಿದರು. ಮಕ್ಕಳೂ ಬರಿಗೈಯನ್ನೇ ಕಣ್ಣಿಗೆ ಒತ್ತಿಕೊಂಡರು. ನನ್ನ ಅಪ್ಪನ ಕೈಯ ಆ ಆಟ ಅಷ್ಟೂ ಮಕ್ಕಳ ಕೈಗೆ ಹೋಯಿತು. ಅದು ಎಲ್ಲಿಂದ ಬಂತು ಅಂತ ಅವರು ಹೇಳಲಿಲ್ಲ. ಪಾಠ ಮಾಡುವಾಗ ಅದನ್ನು ಹೇಳುವ ರೂಢಿ ಇಲ್ಲ.

ಅದೇ ವಾರ ನಾನು ಕೇಳಿದೆ. “ಸಂತೇಲಿ ನಾನೇ ಕೂತು ಉಂಡೆ ಮಾರ್ಲಾ? ಆ ಹುಡುಗಿ ಅಜ್ಜಿ ಉಣ್ಣೆ ಇಟ್ಕಂಡು ಕೂರ್ತಾರಲ್ಲ, ಅವರ ಪಕ್ಕದಲ್ಲಿ.”

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಇನ್ನೊಂದು ಮಾತು ಆಡುತ್ತಿದ್ದೆನೋ ಏನೋ.

“ಸರ್ಕಾರಿ ನೌಕರನ ಮನೇಲಿ ವ್ಯಾಪಾರ ಮಾಡಂಗಿಲ್ಲ ಕಣೆ. ಅದೂ ಅಲ್ದೆ, ಮೇಷ್ಟ್ರಿಗೆ ಸಂಬಳ ಸಾಲ್ದು, ಹೆಂಡ್ತೀನ ಸಂತೇಲಿ ಕೂರಿಸ್ಯಾನೆ ಅಂತಾರೆ.”

“ಮಕ್ಕಳ ಕೈಲಿ ಮಾರಿಸ್ತೀರಲ್ಲ.”

“ಅದು ಪಾಠ.”

ಆಮೇಲೆ ಶನಿವಾರ ಬಂತೆಂದರೆ ನನ್ನ ಕೈ ಕುಟ್ಟುತ್ತಿತ್ತು, ಕಿವಿ ಹೊರಗಿರುತ್ತಿತ್ತು. ಅವಳ ಕೂಗು ನನಗೆ ಬಾಯಿಪಾಠವಾಯಿತು. ಅವಳ ತಲೆಗೂದಲು ಎಣ್ಣೆ ಕಂಡಿರಲಿಲ್ಲ, ಲಂಗದ ಅಂಚು ಕಿತ್ತಿತ್ತು, ಅವಳನ್ನು ಕಂಡು ಮರುಗಬೇಕಾದವಳು ನಾನು. ಮರುಕ ಬರುತ್ತಿರಲಿಲ್ಲ. ಬಿಸಿಲಲ್ಲಿ ನಿಂತು, ಬೀದಿಯಲ್ಲಿ ಹೋಗುವ ಗಂಡಸರನ್ನು ತಡೆದು, ಹೇಳಿದ ರೇಟಿಗೆ ಕದಲದೆ ನಿಲ್ಲುವ ಆ ಹುಡುಗಿಯನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತಿತ್ತು. ಒಂದು ಸಲ ಉಂಡೆಗೆ ಖಾರ ಹೆಚ್ಚಾಗಿತ್ತು. ಅವತ್ತು ಮಾರಾಟ ಆಗಲಾರದು ಅಂದುಕೊಂಡೆ. ಅವಳು ಒಂದನ್ನು ನಾಲಿಗೆಗೆ ಹಚ್ಚಿ ನೋಡಿ, “ನೆಗಡಿ ಆದೋರು ಬರ್ರಿ” ಎಂದು ಕೂಗಿದಳು. ಎಂದಿಗಿಂತ ಬೇಗ ತಟ್ಟೆ ಬರಿದಾಯಿತು.

ಆ ಬೇಸಿಗೆಗೆ ಮುಂಚೆ ಚಿತ್ರದುರ್ಗದಲ್ಲಿ ಶಾಲಾಮಕ್ಕಳ ಕೆಲಸದ ವಸ್ತುಪ್ರದರ್ಶನ ಇತ್ತು. ನಮ್ಮವರು ಮೂರು ಮಕ್ಕಳನ್ನು ಆರಿಸಿದರು, ಅವಳೂ ಅದರಲ್ಲಿ ಒಬ್ಬಳು. “ಹೆಣ್ಣುಮಗು, ಜತೆಗೆ ಹೆಂಗಸರು ಇರ್ಲಿ ಮೇಷ್ಟ್ರೆ” ಎಂದು ಅವಳ ಅಜ್ಜಿ ಹೇಳಿದ್ದರಿಂದ ನಾನೂ ಹೊರಟೆ. ಉಂಡೆ ಮಾಡಿದವಳು ಎಂದಲ್ಲ, ಅವಳ ಕಾವಲಿಗೆ.

ಬಸ್ಸು ಹೊಳಲ್ಕೆರೆಯಲ್ಲಿ ನಿಂತಿತು. ಕಿಟಕಿಯಿಂದ ಅಪ್ಪನ ಅಂಗಡಿ ಕಾಣುತ್ತಿತ್ತು. ಗಲ್ಲಾದ ಮೇಲೆ ತಮ್ಮ ಕೂತು ಕಾಲು ಆಡಿಸುತ್ತಿದ್ದ. ನನ್ನನ್ನು ನೋಡಲಿಲ್ಲ. ನಾನು ಅತ್ತ ನೋಡುತ್ತಿದ್ದುದನ್ನು ಹುಡುಗಿ ನೋಡಿದಳು.

“ಯಾರ ಅಂಗಡಿ ಅಮ್ಮಾರೆ ಅದು?”

“ನಮ್ಮಪ್ಪಂದು.”

“ನಿಮ್ಮಪ್ಪಂದಾ? ನೀವೂ ಕುಂತ್ಕಂತಿದ್ರಾ ಅಲ್ಲಿ?”

“ಇಲ್ಲ.”

“ಯಾಕೆ?”

ಬಸ್ಸು ಹೊರಟಿತು. ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ನಾನು ಮುಖ ತಿರುಗಿಸಿದೆ.

ಪ್ರದರ್ಶನ ಇದ್ದದ್ದು ಕೋಟೆಯ ಬಂಡೆಗಳು ಕಾಣುವ ಒಂದು ಶಾಲೆಯ ಅಂಗಳದಲ್ಲಿ. ಉದ್ದಕ್ಕೂ ಬೆಂಚು ಜೋಡಿಸಿ, ಒಂದೊಂದು ಶಾಲೆಗೆ ಒಂದೊಂದು ಜಾಗ ಕೊಟ್ಟಿದ್ದರು. ಮಣ್ಣಿನ ಬಸವ, ಕಸೂತಿ, ಬೆಂಕಿಪೊಟ್ಟಣದ ಮನೆ, ಎಲ್ಲವೂ ನೋಡುವುದಕ್ಕೆ ಇಟ್ಟವು. ಮಾರುವುದಕ್ಕೆ ಇಟ್ಟವರು ನಾವು ಮಾತ್ರ. ನಾನು ಚೀಲ ಹಿಡಿದು ಜಗಲಿಯ ಕಂಬದ ಪಕ್ಕ ನಿಂತೆ.

ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬಂದರು, ಹಿಂದೆ ಏಳೆಂಟು ಜನ ಮೇಷ್ಟ್ರುಗಳು. ಒಂದೊಂದನ್ನೂ ನೋಡುತ್ತ ನಮ್ಮ ಬೆಂಚಿನ ಮುಂದೆ ನಿಂತರು. ಉಂಡೆ ನೋಡಿ ಅವರ ಮುಖ ಅರಳಿತು. ಕೈಚಾಚಿ ಒಂದನ್ನು ಎತ್ತಿಕೊಂಡರು.

“ಬೋಣಿ ಆಗಿಲ್ರಿ” ಎಂದಳು ಹುಡುಗಿ. “ಬೋಣಿ ಹೊತ್ನಾಗೆ ಪುಕ್ಕಟೆ ಕೊಡಂಗಿಲ್ಲ.”

ನಮ್ಮವರ ಮುಖ ಕಪ್ಪಿಟ್ಟಿತು. ಸಾಹೇಬರು ಉಂಡೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಆಮೇಲೆ ನಗುತ್ತ ಜೇಬಿಗೆ ಕೈಹಾಕಿ ಕಾಸು ಕೊಟ್ಟರು. ಅವಳು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

ಸಾಹೇಬರು ತಿಂದರು. ತಿನ್ನುತ್ತ ಕಣ್ಣು ಮುಚ್ಚಿದರು. ಅದನ್ನು ನಾನು ನೋಡಿದೆ.

“ಬಹಳ ಚೆನ್ನಾಗೈತೆ. ನೀನೇ ಮಾಡಿದ್ದಾ ಮಗ?”

ಸಾಮಾನಿನ ವಿಷಯದಲ್ಲಿ ಗಿರಾಕಿಗೆ ಸುಳ್ಳು ಹೇಳಬಾರದು ಎಂಬುದೂ ಅಂಗಡಿ ಪಾಠದಲ್ಲಿ ಇತ್ತು.

“ಇಲ್ರಿ. ಮೇಷ್ಟ್ರ ಮನೆ ಅಮ್ಮಾರು ಮಾಡಿದ್ದು.”

“ಮತ್ತೆ ನೀನೇನು ಮಾಡ್ದೆ?”

“ನಾನು ಮಾರ್ತೀನ್ರಿ. ಅಮ್ಮಾರಿಗೆ ಮಾರಾಕೆ ಬರಲ್ಲ.”

ಸಾಹೇಬರು ಜೋರಾಗಿ ನಕ್ಕರು. “ಹಂಗಾದ್ರೆ ಮೇಷ್ಟ್ರೆ, ನಿಮ್ಮ ಮನೇರನ್ನೂ ಶಾಲೆಗೆ ಸೇರಿಸ್ಕಳ್ರಿ.” ಹಿಂದಿದ್ದವರಿಗೆ ನಗಲು ಅಪ್ಪಣೆ ಸಿಕ್ಕಂತಾಯಿತು. ನಮ್ಮವರೂ ನಕ್ಕರು, ತುಟಿ ಮಾತ್ರ. ಆ ಅಮ್ಮಾರು ಕಂಬದ ಪಕ್ಕ ನಿಂತವಳೇ ಎಂದು ನಮ್ಮವರನ್ನೂ ಮಕ್ಕಳನ್ನೂ ಬಿಟ್ಟು ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಚೀಲವನ್ನು ಎದೆಗೆ ಅವಚಿಕೊಂಡು ನಾನು ಕಂಬದ ಹಿಂದಕ್ಕೆ ಸರಿದೆ. ಅವಮಾನಕ್ಕೆ ಅಂದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ನಿಧಾನವಾಗಿ ತಿಳಿಯಿತು. ಮಾರಲು ನನಗೆ ಬಿಡುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಬರುವುದಿಲ್ಲ ಎಂದು ಅವಳು ಅಂದುಕೊಂಡಿದ್ದಳು. ಎರಡರಲ್ಲಿ ಯಾವುದು ನಿಜ ಅಂತ ನನಗೇ ಗೊತ್ತಿರಲಿಲ್ಲ. ಒಂದು ಸಲವೂ ಮಾರಿ ನೋಡಿದವಳಲ್ಲ ನಾನು. ಆ ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು. ಹೊಳಲ್ಕೆರೆ ಬಂದಾಗ ನಾನು ಕಿಟಕಿಯ ಕಡೆ ನೋಡಲಿಲ್ಲ.

ಊರಿಗೆ ಬಂದ ಮೇಲೆ ನಮ್ಮವರು ಒಂದೇ ಮಾತಿನಲ್ಲಿ ಮುಗಿಸಿದರು. “ಇನ್ಮೇಲೆ ಮಕ್ಕಳು ತಾವು ಮಾಡಿದ್ದನ್ನ ಮಾತ್ರ ಮಾರ್ಲಿ. ಅದೇ ಸರಿ.” ಅದು ಸರಿಯೇ ಆಗಿತ್ತು. ಆದರೆ ನನ್ನ ಉಂಡೆಗೆ ಇದ್ದ ಒಂದು ದಾರಿಯೂ ಮುಚ್ಚಿತು. ಮಕ್ಕಳು ಮತ್ತೆ ಪೊರಕೆ ಕಟ್ಟಿದರು. ಕಲಾಯಿ ಹಾಕುವ ಸಾಬರ ಮಗ ತಗಡಿನ ಚಿಮಣಿ ದೀಪ ಮಾಡಿ ತಂದ, ಅವು ಚೆನ್ನಾಗಿ ಹೋದವು. ಅವಳು ಅಜ್ಜಿಯ ಉಣ್ಣೆಯಿಂದ ದನಗಳ ಕೊರಳಿಗೆ ಕಟ್ಟುವ ಗೊಂಡೆ ಮಾಡಿ ಮಾರಿದಳು. ಅವಳ ಕೂಗು ಬದಲಾಯಿತು. ಹುಳಿ, ಸಿಹಿ, ಖಾರ ಅದರಲ್ಲಿ ಇರಲಿಲ್ಲ. ನಾನು ಒರಳು ತೊಳೆದು ಒನಕೆಯನ್ನು ಮೂಲೆಗೆ ಒರಗಿಸಿದೆ. ಉಂಡೆ ಅವಳ ಕೈಯಲ್ಲಿ ಮಾರಾಟವಾಗುತ್ತಿದ್ದಾಗ ಇದ್ದ ಉರಿಗಿಂತ, ನನ್ನ ಉಂಡೆ ಇಲ್ಲದೆಯೂ ಅವಳು ಮಾರುತ್ತಿದ್ದಾಳೆ ಎನ್ನುವ ಉರಿ ಹೆಚ್ಚಾಗಿತ್ತು.

ಒಂದು ಸಂತೆ ದಿನ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಅವಳು ನಿಂತಿದ್ದಳು.

“ಅಮ್ಮಾರೆ, ಉಂಡೆ ಅವಾ?”

“ಇಲ್ಲ. ಮಾಡೋದು ಬಿಟ್ಟೆ.”

ಅವಳು ಮೂಗು ಎತ್ತಿದಳು. “ಇಂಗಿನ ವಾಸನೆ ಬರ್ತೈತಲ್ಲ.”

ನಿಜ. ಹಿಂದಿನ ದಿನ ಮನಸ್ಸು ತಡೆಯದೆ ಒಂದಿಷ್ಟು ಕುಟ್ಟಿದ್ದೆ. “ತಿನ್ನಾಕೆ ಒಂದು ತಗ” ಎಂದು ಡಬ್ಬಿ ತಂದೆ.

“ತಿನ್ನಾಕಲ್ಲ. ಮಾರಾಕೆ. ಅಜ್ಜಿ ಉಣ್ಣೆ ತಗಂಡು ಸಂತೆಗೆ ಹೋಗ್ತೈತೆ, ಪಕ್ಕದಾಗೆ ಇಟ್ಕಂತೀನಿ. ಎಲ್ಲಾ ಕೊಡ್ರಿ.” ಮುಷ್ಟಿ ಬಿಚ್ಚಿ ಅಂಗೈ ಚಾಚಿದಳು. ಶಾಲೆಯ ಡಬ್ಬಿಯದಲ್ಲ, ಸಂತೆಯಲ್ಲಿ ಗೊಂಡೆ ಮಾರಿ ಉಳಿಸಿಕೊಂಡ ಅವಳ ಸ್ವಂತ ಕಾಸು.

“ಶಾಲೇಲಿ ಬೇಡ ಅಂದಿದಾರಲ್ಲೆ.”

“ಶಾಲೇಲಿ ಬ್ಯಾಡ ಅಂದಾರೆ. ಸಂತೇಲಿ ಬ್ಯಾಡ ಅಂದಿಲ್ಲ.”

“ಮೇಷ್ಟ್ರ ಮನೇಲಿ ಮಾರಂಗಿಲ್ಲ ಕಣೆ.”

“ಇದು ಬೋಣಿ ಅಮ್ಮಾರೆ” ಎಂದಳು, ಕೈ ಹಿಂದೆಗೆಯದೆ. “ಬೋಣಿ ಗಿರಾಕಿನ ವಾಪಸ್ ಕಳಸ್ಬಾರ್ದು. ಮೇಷ್ಟ್ರೇ ಹೇಳ್ಕೊಟ್ಟಾರೆ.”

ನಮ್ಮವರು ಒಳಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದರು. ಆ ಸದ್ದು ನಿಂತಿತು.

“ಏನಂತೆ ಅವಳಿಗೆ?”

“ಬೋಣಿಯಂತೆ” ಎಂದೆ.

ಹುಡುಗಿ ಕದಲಲಿಲ್ಲ, ನಾನೂ ಕದಲಲಿಲ್ಲ. ಆಮೇಲೆ ಒಳಗಿನಿಂದ, “ಹಿತ್ತಿಲ ಬಾಗ್ಲಲ್ಲೇ ಆಗ್ಲಿ” ಎಂಬ ಮಾತು ಬಂತು. ಮತ್ತೆ ಹೆರೆಯುವ ಸದ್ದು ಶುರುವಾಯಿತು.

ಕಾಸು ಅವಳ ಮುಷ್ಟಿಯಲ್ಲಿದ್ದು ಬೆಚ್ಚಗಾಗಿತ್ತು, ಸ್ವಲ್ಪ ಒದ್ದೆಯೂ ಆಗಿತ್ತು. ಎರಡೂ ಕಣ್ಣಿಗೆ ಒತ್ತಿಕೊಂಡೆ. ಚಿಕ್ಕಂದಿನಿಂದ ಎಷ್ಟೋ ಬೋಣಿ ಮಾಡಿದ ಕೈ ನನ್ನದು. ಬೋಣಿ ತೆಗೆದುಕೊಂಡದ್ದು ಅದೇ ಮೊದಲು.

ಆ ದಿನ ತರಕಾರಿಗೆಂದು ನಾನೂ ಸಂತೆಗೆ ಹೋದೆ. ಅವಳ ಸುತ್ತ ಜನ ಸೇರಿದ್ದರು. “ಕುರಿಯೋರ ಹುಡುಗಿ ಉಂಡೆ ತಗಳ್ರಿ, ಭಾರಿ ಐತೆ” ಎಂದು ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿದಳು. ಕುರಿಯೋರ ಹುಡುಗಿ ಉಂಡೆ. ಅವಳು ನನಗೆ ಕೊಟ್ಟದ್ದಕ್ಕಿಂತ ಬಹಳ ಹೆಚ್ಚಿನ ರೇಟಿಗೆ ಮಾರುತ್ತಿದ್ದಳು, ನನ್ನನ್ನು ನೋಡಿ ನಕ್ಕಳು ಕೂಡ. ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡು ನಾನು ನಿಂತಲ್ಲೇ ಉರಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ಮನೆಗೆ ಬಂದೂ ಲೆಕ್ಕ ಹಾಕಿದೆ. ಆ ವಾರ ಬೆಲ್ಲವನ್ನು ನೋಡಿ ನೋಡಿ ಆರಿಸಿದೆ.

ಮುಂದಿನ ಸಂತೆಗೆ ಅವಳು ಬಂದು ಅಂಗೈ ಚಾಚಿದಾಗ ನಾನು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಹೊಸ ರೇಟು ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಹೋದ ವಾರ ಹಂಗಿರ್ಲಿಲ್ಲ ಅಮ್ಮಾರೆ. ಬೆಲ್ಲ ಹೆಚ್ಚಾಯ್ತಾ?”

“ಬೆಲ್ಲ ಹೆಚ್ಚಾಗಿಲ್ಲ. ನಾನು ಹೆಚ್ಚಾಗಿದೀನಿ.”

“ಕಡಿಮೆ ಮಾಡ್ರಿ.”

“ಬೋಣಿ ಹೊತ್ನಲ್ಲಿ ಚೌಕಾಸಿ ಮಾಡಬಾರ್ದು.”

“ಹಂಗಾದ್ರೆ ಬ್ಯಾಡ ಬಿಡ್ರಿ” ಎಂದು ಅವಳು ತಿರುಗಿ ನಡೆದಳು. ಅಪ್ಪನ ಅಂಗಡಿಯ ಪರದೆಯ ಹಿಂದೆ ಕೂತು ನಾನು ಅಂಥ ಬಹಳ ಜನರನ್ನು ನೋಡಿದ್ದೆ. ನಿಜವಾಗಿ ಹೋಗುವವರು ಬಿರುಸಾಗಿ ಹೋಗುತ್ತಾರೆ. ಅವಳು ಕಾಲೆಳೆದುಕೊಂಡು ಹೋಗುತ್ತಿದ್ದಳು. ನಾನು ಕರೆಯಲಿಲ್ಲ. ಬೇಲಿಯ ಹತ್ತಿರ ಹೋಗಿ ನಿಂತಳು.

“ಬೋಣಿ ಗಿರಾಕಿನ ವಾಪಸ್ ಕಳಿಸ್ತೀರಾ ಅಮ್ಮಾರೆ?”

“ನಾನೆಲ್ಲಿ ಕಳಿಸ್ದೆ? ನೀನೇ ಹೊರಟಿದೀಯ.”

ಅವಳು ವಾಪಸ್ ಬಂದು, ಲಂಗದ ಗಂಟು ಬಿಚ್ಚಿ, ಬೇರೆಯೇ ಎತ್ತಿಟ್ಟುಕೊಂಡಿದ್ದ ಕಾಸನ್ನು ಹೊರಗೆ ತೆಗೆದಳು. ಅಂದರೆ ಅದನ್ನು ಮೊದಲೇ ತಂದಿದ್ದಳು. ಒಳಗೆ ನಮ್ಮವರು ಕೆಮ್ಮಿದರು. ಅದು ಕೆಮ್ಮೋ ನಗುವೋ ನನಗೆ ಗೊತ್ತಾಗಲಿಲ್ಲ. ಒಳಗೆ ನಿಂತು ಕೇಳಿಸಿಕೊಳ್ಳುವ ಸರದಿ ಆ ಹೊತ್ತಿಗೆ ಅವರದಾಗಿತ್ತು.